ಆಳಗಡಲ ಮೀನಿನ ಹೊಟ್ಟೆಯಲ್ಲಿ ಲೋಳೆಪ್ರಾಣಿಗಳು: ಡಿಎನ್‌ಎ ಸಾಕ್ಷ್ಯದ ಬಲ ಮತ್ತು ಎಲ್ಲೆ

ಆಳಗಡಲಿನ ಮೀನು ಏನು ತಿನ್ನುತ್ತದೆ ಎಂಬುದನ್ನು ತಿಳಿಯಲು ಬಹುಕಾಲ ಇದ್ದ ಮುಖ್ಯ ದಾರಿ ಹೊಟ್ಟೆ ಸೀಳಿ ನೋಡುವುದು. ಸೂಕ್ಷ್ಮದರ್ಶಕದ ಕೆಳಗೆ ಸಿಕ್ಕ ಸಿಗಡಿಯ ಚಿಪ್ಪಿನ ಚೂರು, ಕೋಪೆಪಾಡಿನ ಕಾಲು, ಬೊಂಡಾಸಿನ ಕೊಕ್ಕು, ಸಣ್ಣ ಮೀನಿನ ಕಿವಿಗಲ್ಲು ಇವನ್ನು ಎಣಿಸಿ, ತೂಗಿ, ಪಟ್ಟಿಮಾಡಿ ವಿದ್ವಾಂಸರು ಆಹಾರಜಾಲದ ಚಿತ್ರ ಬರೆದರು. ಆ ಚಿತ್ರದ ನಡುಭಾಗವನ್ನೆಲ್ಲ ಕಠಿಣಚರ್ಮಿಗಳು ತುಂಬಿಕೊಂಡವು. ಜೆಲ್ಲಿಮೀನು, ಸೈಫೊನೊಫೋರ್, ಟಿನೊಫೋರ್, ಸಾಲ್ಪ್ ಮೊದಲಾದ ಲೋಳೆಮೈಯ ಪ್ರಾಣಿಗಳು ಅಂಚಿಗೆ ಸರಿದವು. ಇವು ಬೇರೆಯವನ್ನು ತಿನ್ನುತ್ತವೆ, ಆದರೆ ಇವನ್ನು ತಿನ್ನುವವರು ಕಡಿಮೆ ಎಂಬ ಗ್ರಹಿಕೆ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು.

ಕಳೆದ ಎರಡು ದಶಕಗಳಲ್ಲಿ ಡಿಎನ್‌ಎ ವಿಶ್ಲೇಷಣೆ ಈ ಚಿತ್ರವನ್ನು ಕದಲಿಸಿದೆ. ಅದು ಎಲ್ಲಿ ಕದಲಿಸಿದೆ, ಎಲ್ಲಿ ಇಲ್ಲ, ಅದರ ಹೆಸರಿನಲ್ಲಿ ಯಾವ ಮಾತು ಆಡಬಾರದು ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಹಳೆಯ ಪಟ್ಟಿಗಳು ಮೀನು ತಿಂದದ್ದರ ಪಟ್ಟಿಗಳಲ್ಲ, ಜೀರ್ಣವಾಗದೆ ಉಳಿದದ್ದರ ಪಟ್ಟಿಗಳು. ಡಿಎನ್‌ಎ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಆದರೆ ಅದೂ ತನ್ನದೇ ಒಂದು ಜರಡಿಯ ಮೂಲಕ ನೋಡುತ್ತದೆ. ಆ ಜರಡಿಯ ಕಣ್ಣು ಎಷ್ಟು ದೊಡ್ಡದು ಎಂದು ಅಳೆಯದೆ ಕೊಟ್ಟ ಫಲಿತಾಂಶವನ್ನು ಒಪ್ಪಿಕೊಳ್ಳಬಾರದು.

ಈ ಪ್ರಶ್ನೆಗೆ ಇಷ್ಟು ತೂಕ ಬಂದಿರುವುದು ಮೀನಿನ ಪ್ರಮಾಣದಿಂದ. 200ರಿಂದ 1000 ಮೀಟರ್ ಆಳದ ಮಬ್ಬುಗತ್ತಲೆಯ ಪದರದಲ್ಲಿ ವಾಸಿಸುವ ಲಾಂದ್ರ ಮೀನುಗಳ ಕುಟುಂಬವಾದ ಮಿಕ್ಟೋಫಿಡೇಯಲ್ಲೇ ಸುಮಾರು 250 ಪ್ರಭೇದಗಳಿವೆ. ಬೆರಳುದ್ದದ ಮೈಮೇಲೆ ಬೆಳಕು ಸೂಸುವ ಚುಕ್ಕೆಗಳನ್ನು ಹೊತ್ತ ಈ ಮೀನುಗಳಲ್ಲಿ ಹೆಚ್ಚಿನವು ಹಗಲೆಲ್ಲ ಆಳದಲ್ಲಿದ್ದು, ಕತ್ತಲಾದ ಮೇಲೆ ಮೇಲಿನ ನೀರಿಗೆ ಏರಿ ಮೇಯುತ್ತವೆ, ಬೆಳಗಾಗುವ ಮೊದಲು ಇಳಿದುಬಿಡುತ್ತವೆ. ಮೇಲೆ ತಿಂದು ಕೆಳಗೆ ವಿಸರ್ಜಿಸುವುದರಿಂದ ಮೇಲ್ಪದರದ ಇಂಗಾಲವನ್ನು ಆಳಕ್ಕೆ ಸಾಗಿಸುವ ಕೆಲಸವೂ ಇವುಗಳಿಂದ ಆಗುತ್ತದೆ. ಈ ಪದರದ ಮೀನುಗಳ ಒಟ್ಟು ತೂಕ ಸುಮಾರು 100 ಕೋಟಿ ಟನ್ ಎಂದು 1980ರಲ್ಲಿ ಯೋಸೇಟರ್ ಮತ್ತು ಕವಾಗುಚಿ ಬಲೆಯ ಹಿಡಿತದ ಆಧಾರದಿಂದ ಅಂದಾಜಿಸಿದ್ದರು. 2010ರಲ್ಲಿ ಹೊರಟ ಸ್ಪೇನ್ ದೇಶದ ಮಲಾಸ್ಪಿನಾ ಯಾನದ ಪ್ರತಿಧ್ವನಿ ದಾಖಲೆಗಳನ್ನು ಬಳಸಿ ಇರಿಗೋಯೆನ್ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಸಾವಿರ ಕೋಟಿ ಟನ್ನಿನ ಆಸುಪಾಸಿಗೆ ಏರಿಸಿದರು. ಈ ಮೀನುಗಳು ಬಲೆ ಬರುವುದನ್ನು ಅರಿತು ತಪ್ಪಿಸಿಕೊಳ್ಳುತ್ತವೆ ಎಂಬುದು ಈ ಅಂತರಕ್ಕೆ ಮುಖ್ಯ ಕಾರಣ. ಎರಡರಲ್ಲಿ ಯಾವ ಅಂದಾಜು ಹಿಡಿದರೂ, ಇಷ್ಟು ದೊಡ್ಡ ಸಮೂಹ ಯಾವ ಆಹಾರದ ಮೇಲೆ ನಿಂತಿದೆ ಎಂಬುದು ಕಡಲಿನ ಲೆಕ್ಕಕ್ಕೇ ಮೂಲವಾದ ಸಂಗತಿ.

ಹೊಟ್ಟೆ ಸೀಳಿ ನೋಡುವ ವಿಧಾನದ ದೋಷ ಎಂಥದ್ದೆಂದು ತಿಳಿಯಲು ಊಟ ಮುಗಿದ ಬಾಳೆಲೆಯನ್ನು ನೆನೆದರೆ ಸಾಕು. ನುಗ್ಗೆಕಾಯಿಯ ನಾರು, ಕರಿಬೇವು, ಒಣಮೆಣಸಿನಕಾಯಿ ಎಲೆಯ ಮೇಲೆ ಉಳಿದಿರುತ್ತವೆ. ಪಾಯಸ ಬಡಿಸಿದ್ದರೆಂದು ಆ ಎಲೆ ಹೇಳುವುದಿಲ್ಲ. ಮೀನಿನ ಜಠರದಲ್ಲೂ ಹೀಗೆಯೇ. ಮೇರಿ ಅರಾಯ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಮ್ ಸಾಲ್ಮನ್ ಮೀನಿಗೆ ಸಿಗಡಿಯನ್ನೂ ಅಷ್ಟೇ ತೂಕದ ಟಿನೊಫೋರನ್ನೂ ತಿನ್ನಿಸಿ ನೋಡಿದಾಗ, ಟಿನೊಫೋರ್ 20 ಪಟ್ಟಿಗೂ ಹೆಚ್ಚು ವೇಗದಲ್ಲಿ ಜೀರ್ಣವಾಯಿತು. ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಲ್ಲಿ ಕಾಣಬಹುದು. ಒಂದು ಮೀನು ದಿನವಿಡೀ ಒಂದೇ ಸಮನಾಗಿ, ತೂಕದಲ್ಲಿ ಅರ್ಧ ಸಿಗಡಿ ಅರ್ಧ ಟಿನೊಫೋರ್ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ಯಾವುದೇ ಗಳಿಗೆಯಲ್ಲಿ ಅದರ ಹೊಟ್ಟೆ ಸೀಳಿದರೂ ಸಿಗಡಿಯ 20 ಭಾಗಕ್ಕೆ ಟಿನೊಫೋರಿನ 1 ಭಾಗ ಸಿಗುತ್ತದೆ. ಆಹಾರದ ಅರ್ಧ ಪಾಲು ನಮ್ಮ ಪಟ್ಟಿಯಲ್ಲಿ ಶೇಕಡ 5ಕ್ಕಿಂತ ಕಡಿಮೆಯಾಗಿ ದಾಖಲಾಗುತ್ತದೆ. ಆ ಒಂದು ಭಾಗವೂ ಆಕಾರವಿಲ್ಲದ ಲೋಳೆ. ಅಭ್ಯಾಸವಾದ ಕಣ್ಣು ಕೂಡ ಅದನ್ನು ‘ಗುರುತಿಸಲಾಗದ ವಸ್ತು’ ಎಂಬ ಕಾಲಮ್ಮಿಗೆ ಸೇರಿಸಿ ಮುಂದೆ ಹೋಗುತ್ತದೆ. ಹಳೆಯ ಪ್ರಬಂಧಗಳಲ್ಲಿ ನಾನು ಅತಿ ಹೆಚ್ಚು ಗಮನವಿಟ್ಟು ಓದುವುದು ಈ ಕಾಲಮ್ಮನ್ನೇ.

ಆಳಗಡಲಿಗೆ ಇದರ ಮೇಲೆ ಬೇರೆ ತೊಡಕುಗಳೂ ಇವೆ. ಗ್ರೆನೇಡಿಯರ್ ಮೊದಲಾದ ತಳದ ಮೀನುಗಳನ್ನು ಮೇಲಕ್ಕೆ ಎಳೆಯುವಾಗ ಒತ್ತಡ ಇಳಿದು ಗಾಳಿಚೀಲ ಉಬ್ಬುತ್ತದೆ, ಜಠರ ಒಳಮಗುಚಿ ಬಾಯಿಯಿಂದ ಹೊರಬರುತ್ತದೆ, ಅದರಲ್ಲಿದ್ದುದು ನೀರುಪಾಲಾಗುತ್ತದೆ. ಲಾಂದ್ರ ಮೀನುಗಳಲ್ಲಿ ತೊಂದರೆ ಬೇರೆ ಬಗೆಯದು. ಬಲೆಯ ತುದಿಚೀಲದಲ್ಲಿ ಸಾವಿರಾರು ಪ್ರಾಣಿಗಳ ನಡುವೆ ಸಿಕ್ಕಿಕೊಂಡಾಗಲೂ ಕೆಲವು ಮೀನುಗಳು ಪಕ್ಕದಲ್ಲಿದ್ದುದನ್ನು ನುಂಗುತ್ತವೆ. ಬಾಯಿಯಲ್ಲಿ, ಗಂಟಲಿನಲ್ಲಿ ಸಿಕ್ಕ ತಾಜಾ ಕೋಪೆಪಾಡನ್ನು ಆಹಾರವೆಂದು ಎಣಿಸಬಾರದೆಂಬ ನಿಯಮ ಈ ಕ್ಷೇತ್ರದಲ್ಲಿ ಬಂದದ್ದು ಇದರಿಂದಲೇ.

ಇನ್ನು ಡಿಎನ್‌ಎ ವಿಧಾನ. ಮೊದಮೊದಲು ಅದು ಒಂದು ಪ್ರಶ್ನೆಗೆ ಒಂದು ಉತ್ತರ ಎಂಬ ರೂಪದಲ್ಲಿತ್ತು. 2002ರಲ್ಲಿ ರೋಸೆಲ್ ಮತ್ತು ಕೋಚರ್ ಬೇಟೆಗಾರ ಮೀನುಗಳ ಹೊಟ್ಟೆಯಲ್ಲಿ ಕಾಡ್ ಮೀನಿನ ಮರಿಗಳಿವೆಯೇ ಎಂದು ಡಿಎನ್‌ಎಯಿಂದ ಪರೀಕ್ಷಿಸಿದರು. ಅದೇ ವರ್ಷ ಸೈಮನ್ ಜಾರ್ಮನ್ ಮತ್ತು ಸಂಗಡಿಗರು ಕ್ರಿಲ್ ಪ್ರಭೇದಗಳನ್ನು ಗುರುತಿಸುವ ವಿಧಾನವನ್ನು ತಿಮಿಂಗಿಲದ ಆಹಾರಕ್ಕೆ ಅನ್ವಯಿಸಿದರು. 2003ರಲ್ಲಿ ಪಾಲ್ ಹೆಬರ್ಟ್ ತಂಡ ಪ್ರಾಣಿಗಳ ಗುರುತಿಗಾಗಿ ಮೈಟೊಕಾಂಡ್ರಿಯದ ಸಿಒಐ ಜೀನಿನ ಸುಮಾರು 650 ಪ್ರತ್ಯಾಮ್ಲಗಳ ತುಣುಕನ್ನು ಸೂಚಿಸಿತು. ‘ಡಿಎನ್‌ಎ ಬಾರ್‌ಕೋಡ್’ ಎಂಬ ಹೆಸರು ನೆಲೆನಿಂತದ್ದು ಆಗ. ನ್ಯೂಜಿಲೆಂಡಿನ ಚಾಥಮ್ ರೈಸ್ ಪ್ರದೇಶದ ಆಳನೀರಿನ ಶಾರ್ಕುಗಳ ಆಹಾರದ ಬಗ್ಗೆ ಡನ್ ಮತ್ತು ಸಂಗಡಿಗರು 2010ರಲ್ಲಿ ಬರೆದ ಲೇಖನ ಈ ಹಂತದ ಒಳ್ಳೆಯ ಮಾದರಿ. ಹೊಟ್ಟೆಯಲ್ಲಿದ್ದ, ಕಣ್ಣಿಗೆ ಗುರುತು ಹತ್ತದ ಮಾಂಸದ ತುಂಡುಗಳಿಗೆ ಬಾರ್‌ಕೋಡಿನಿಂದ ಅವರು ಹೆಸರು ಹಚ್ಚಿದರು.

ಆದರೆ ತುಂಡೇ ಇಲ್ಲದ ಊಟಕ್ಕೆ ಇದು ಸಾಲದು. ಅಲ್ಲಿ ಬೇಕಾದದ್ದು ಮೆಟಾಬಾರ್‌ಕೋಡಿಂಗ್. ಜಠರದಲ್ಲಿರುವ ರಸವನ್ನೆಲ್ಲ ತೆಗೆದು ಅದರಲ್ಲಿರುವ ಡಿಎನ್‌ಎಯನ್ನು ಬೇರ್ಪಡಿಸುತ್ತಾರೆ. ಹಲವು ಜೀವಿಗಳಿಗೆ ಒಟ್ಟಾಗಿ ಹೊಂದುವ ಪ್ರೈಮರ್‌ಗಳಿಂದ ಒಂದು ಚಿಕ್ಕ ತುಣುಕನ್ನು ಪಿಸಿಆರ್ ಮಾಡಿ ಲಕ್ಷಗಟ್ಟಲೆ ಪ್ರತಿ ಮಾಡುತ್ತಾರೆ. ಆ ಪ್ರತಿಗಳನ್ನೆಲ್ಲ ಒಮ್ಮೆಗೆ ಓದುವ ಯಂತ್ರದಲ್ಲಿ ಓದಿಸುತ್ತಾರೆ. ಬಂದ ಅನುಕ್ರಮಗಳಿಂದ ಯಂತ್ರದ ತಪ್ಪುಗಳನ್ನು ಸೋಸಿ, ಉಳಿದವನ್ನು ಜೆನ್‌ಬ್ಯಾಂಕ್, ಬೋಲ್ಡ್ ಮೊದಲಾದ ಆಕರಕೋಶಗಳೊಡನೆ ಹೋಲಿಸಿ ಹೆಸರು ಕೊಡುತ್ತಾರೆ. ತುಣುಕು ಚಿಕ್ಕದಿರಬೇಕಾದ ಕಾರಣವಿದೆ. ಜೀರ್ಣರಸದಲ್ಲಿ ಡಿಎನ್‌ಎ ತುಂಡುತುಂಡಾಗುತ್ತದೆ, ಉದ್ದ ಹೆಚ್ಚಿದಂತೆ ಉಳಿದಿರುವ ಪ್ರತಿಗಳ ಸಂಖ್ಯೆ ಬೇಗಬೇಗ ಕುಸಿಯುತ್ತದೆ. ಡೀಗಲ್ ಮತ್ತು ಸಂಗಡಿಗರು 2006ರಲ್ಲಿ ಕಡಲಸಿಂಹದ ಮಲದಲ್ಲಿ ಇದನ್ನು ಅಳೆದು ತೋರಿಸಿದರು. ಆದ್ದರಿಂದ 650 ಪ್ರತ್ಯಾಮ್ಲಗಳ ಪೂರ್ಣ ಬಾರ್‌ಕೋಡಿನ ಬದಲು, ಲೆರೇ ತಂಡ 2013ರಲ್ಲಿ ಹವಳದಿಬ್ಬದ ಮೀನುಗಳ ಹೊಟ್ಟೆಗೆಂದೇ ರೂಪಿಸಿದ 313 ಪ್ರತ್ಯಾಮ್ಲಗಳ ತುಣುಕನ್ನು ಬಳಸುವುದು ರೂಢಿಗೆ ಬಂದಿದೆ. ಬೇಟೆಯೂ ಮೀನೇ ಆಗಿದ್ದರೆ ಮಿಯಾ ತಂಡದ 2015ರ ‘ಮಿಫಿಶ್’ ಪ್ರೈಮರ್‌ಗಳು ಇನ್ನೂ ಚಿಕ್ಕದಾದ, ಸುಮಾರು 170 ಪ್ರತ್ಯಾಮ್ಲಗಳ ತುಣುಕನ್ನು ಹಿಡಿಯುತ್ತವೆ.

ಇಲ್ಲಿಂದ ಜರಡಿಯ ಪ್ರಶ್ನೆ ಶುರುವಾಗುತ್ತದೆ. ಯಾವ ಜೀನನ್ನು ಆರಿಸಿದೆವು ಎಂಬುದು ಯಾವ ಪ್ರಾಣಿ ಕಾಣುತ್ತದೆ ಎಂಬುದನ್ನು ಅರ್ಧದಷ್ಟು ನಿರ್ಧರಿಸಿಬಿಡುತ್ತದೆ. ಸಿಒಐ ಪ್ರಭೇದಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ಟಿನೊಫೋರ್‌ಗಳ ಮೈಟೊಕಾಂಡ್ರಿಯದ ಜೀನುಗಳು ವಿಪರೀತ ವೇಗದಲ್ಲಿ ಬದಲಾಗಿರುವುದರಿಂದ ಸಾಮಾನ್ಯ ಸಿಒಐ ಪ್ರೈಮರ್‌ಗಳು ಅವುಗಳಿಗೆ ಸರಿಯಾಗಿ ಅಂಟುವುದಿಲ್ಲ. ಆ ಪ್ರೈಮರ್‌ಗಳನ್ನು ಮಾತ್ರ ಬಳಸಿದ ಅಧ್ಯಯನ ‘ಈ ಮೀನು ಟಿನೊಫೋರ್ ತಿನ್ನುವುದಿಲ್ಲ’ ಎಂದು ಬರೆದರೆ, ಅದು ಹೇಳಿದ್ದು ಮೀನಿನ ವಿಷಯವಲ್ಲ, ಪ್ರೈಮರಿನ ವಿಷಯ. ಕೋಶಕೇಂದ್ರದ 18ಎಸ್ ಜೀನು ಬಹುತೇಕ ಎಲ್ಲ ಪ್ರಾಣಿಗಳನ್ನೂ ಹಿಡಿಯುತ್ತದೆ. ಆದರೆ ಅದು ಬದಲಾಗುವುದು ತೀರ ನಿಧಾನ, ಹಾಗಾಗಿ ‘ಸೈಫೊನೊಫೋರ್’ ಎಂಬಲ್ಲಿಗೆ ನಿಂತುಬಿಡುತ್ತದೆ, ಯಾವ ಸೈಫೊನೊಫೋರ್ ಎಂದು ಹೇಳಲಾರದು. ಎರಡನ್ನೂ ಒಟ್ಟಿಗೆ ಬಳಸಿ, ಎರಡರ ಫಲಿತಾಂಶವನ್ನೂ ಬೇರೆಬೇರೆಯಾಗಿ ಪ್ರಕಟಿಸುವುದೇ ಸರಿಯಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಖರ್ಚು ಹೆಚ್ಚುತ್ತದೆ ಎಂಬುದು ನಿಜ. ಹಡಗಿನ ಒಂದು ದಿನದ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ತಿಂದವನ ಡಿಎನ್‌ಎ ಇನ್ನೊಂದು ತೊಡಕು. ಜಠರದ ಗೋಡೆಯಿಂದ ಉದುರಿದ ಜೀವಕೋಶಗಳು ತಾಜಾ, ಬೇಟೆಯ ಡಿಎನ್‌ಎ ಹರಿದುಹೋದದ್ದು. ಹೀಗಾಗಿ ಓದಿದ ಅನುಕ್ರಮಗಳಲ್ಲಿ ಬಹುಪಾಲು ಆ ಮೀನಿನವೇ ಆಗಿಬಿಡುತ್ತವೆ. ವೆಸ್ತೈಮ್ ಮತ್ತು ಜಾರ್ಮನ್ 2008ರಲ್ಲಿ ಅಂಟಾರ್ಕ್ಟಿಕ್ ಕ್ರಿಲ್‌ನ ಹೊಟ್ಟೆಯ ಮೇಲೆ ಕೆಲಸ ಮಾಡುವಾಗ ಇದಕ್ಕೊಂದು ಉಪಾಯ ಕಂಡುಕೊಂಡರು. ತಿಂದವನ ಅನುಕ್ರಮಕ್ಕೆ ಮಾತ್ರ ಅಂಟುವ, ಆದರೆ ತುದಿಗೆ ರಾಸಾಯನಿಕ ತಡೆ ಇರುವುದರಿಂದ ಮುಂದೆ ಬೆಳೆಯಲಾರದ ಒಂದು ತಡೆ-ಪ್ರೈಮರನ್ನು ಸೇರಿಸಿದರೆ, ಆ ಪ್ರಾಣಿಯ ಪ್ರತಿಗಳು ಕಡಿಮೆಯಾಗಿ ಬೇಟೆಯ ಪ್ರತಿಗಳಿಗೆ ಜಾಗವಾಗುತ್ತದೆ. ಸೊಗಸಾದ ಉಪಾಯ, ಒಪ್ಪಬೇಕು. ಆದರೆ 18ಎಸ್‌ನಂಥ ನಿಧಾನಗತಿಯ ಜೀನಿನಲ್ಲಿ ಲಾಂದ್ರ ಮೀನಿಗೆ ಹೊಸೆದ ತಡೆ ಬೇರೆ ಮೀನುಗಳನ್ನೂ ತಡೆದುಬಿಡುತ್ತದೆ. ಅಂಥ ಅಧ್ಯಯನದಲ್ಲಿ ‘ಮೀನು ಮೀನನ್ನು ತಿನ್ನಲಿಲ್ಲ’ ಎಂಬ ಸಾಲಿಗೆ ಬೆಲೆಯಿಲ್ಲ. ತನ್ನ ಕುಲವನ್ನೇ ತಿನ್ನುವ ಮೀನಿನ ವಿಷಯದಲ್ಲಂತೂ ತಡೆ ಹಾಕಿದರೂ ಹಾಕದಿದ್ದರೂ ಈ ವಿಧಾನ ಮೂಕ. ತಿಂದವನ ಡಿಎನ್‌ಎಗೂ ತಿನ್ನಿಸಿಕೊಂಡವನ ಡಿಎನ್‌ಎಗೂ ವ್ಯತ್ಯಾಸ ಕಾಣುವುದಿಲ್ಲ.

ಡಿಎನ್‌ಎ ಹೊಸದನ್ನೇ ಕಾಣಿಸಿದ ಪ್ರಕರಣಗಳಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಯೂರೋಪಿನ ಹಾವುಮೀನಿನ ಮರಿಗಳದ್ದು. ಕಟ್ಟುನಿಟ್ಟಾಗಿ ಹೇಳುವುದಾದರೆ ಈ ಮರಿಗಳು ಇರುವುದು ತೆರೆಗಡಲಿನ ಮೇಲಿನ ಕೆಲವು ನೂರು ಮೀಟರ್‌ಗಳಲ್ಲಿ. ಆದರೆ ಅವುಗಳ ಸಮಸ್ಯೆ ಆಳಗಡಲ ಮೀನಿನದೇ ಸಮಸ್ಯೆ. ಯೂರೋಪಿನ ನದಿಗಳಿಂದ ಹಾವುಮೀನುಗಳು 5000 ಕಿಲೋಮೀಟರಿಗೂ ದೂರ ಈಜಿ ಸರ್ಗಾಸೊ ಸಮುದ್ರದಲ್ಲಿ ಮೊಟ್ಟೆಯಿಡುತ್ತವೆ. ಡೆನ್ಮಾರ್ಕಿನ ಯೋಹಾನ್ನೆಸ್ ಶ್ಮಿಟ್ ವರ್ಷಾನುಗಟ್ಟಲೆ ಅಟ್ಲಾಂಟಿಕ್‌ನಲ್ಲಿ ಮರಿಗಳನ್ನು ಹಿಡಿದು, ಅತಿ ಚಿಕ್ಕ ಮರಿ ಎಲ್ಲಿ ಸಿಗುತ್ತದೋ ಅದೇ ತವರು ಎಂಬ ತರ್ಕದಿಂದ 1922ರಲ್ಲಿ ಈ ಜಾಗವನ್ನು ಜಗತ್ತಿಗೆ ತಿಳಿಸಿದರು. ತವರು ತಿಳಿಯಿತು, ಊಟ ತಿಳಿಯಲಿಲ್ಲ. ಎಲೆಯಂತೆ ಚಪ್ಪಟೆಯಾದ, ಗಾಜಿನಷ್ಟು ಪಾರದರ್ಶಕವಾದ ಈ ಮರಿಗಳ ಕರುಳು ಸೀಳಿದರೆ ಆಕಾರವಿರುವ ಏನೂ ಬಹುತೇಕ ಸಿಗುತ್ತಿರಲಿಲ್ಲ. ಇವು ಬಾಯಿಂದ ತಿನ್ನುವುದೇ ಇಲ್ಲ, ನೀರಿನಲ್ಲಿ ಕರಗಿದ ಪೋಷಕಗಳನ್ನು ಮೈಯಿಂದ ಹೀರುತ್ತವೆ ಎಂಬ ಊಹೆಯೂ ಇತ್ತು. ಕೆಲವು ಜಾತಿಯ ಹಾವುಮೀನು ಮರಿಗಳ ಕರುಳಿನಲ್ಲಿ ಲಾರ್ವೇಶಿಯನ್‌ಗಳ ಲೋಳೆಗೂಡುಗಳನ್ನು ಮೊಚಿಯೊಕ ಮತ್ತು ಇವಾಮಿಜು 1996ರಲ್ಲಿ ವರದಿ ಮಾಡಿದರು. ಅಂದಿನಿಂದ ಕಡಲಿನಲ್ಲಿ ಉದುರುವ ಸಾವಯವ ಕಣಗಳೇ ಇವುಗಳ ಆಹಾರ ಎಂಬ ವಾದ ಬಲ ಪಡೆಯಿತು.

ಡೆನ್ಮಾರ್ಕಿನ ಗಲಾತಿಯಾ 3 ಯಾನ 2007ರಲ್ಲಿ ಸರ್ಗಾಸೊದಿಂದ ತಂದ ಮರಿಗಳ ಕರುಳಿನ ಡಿಎನ್‌ಎಯನ್ನು ಲಾಸೆ ರೀಮನ್ ಮತ್ತು ಸಂಗಡಿಗರು ಓದಿ 2010ರಲ್ಲಿ ಪ್ರಕಟಿಸಿದರು. ಖಾಲಿಯೆಂದು ಕಂಡ ಕರುಳಿನಲ್ಲಿ ಬಗೆಬಗೆಯ ಪ್ಲವಕಗಳ ಗುರುತುಗಳಿದ್ದವು. ಅವುಗಳಲ್ಲಿ ಎದ್ದು ಕಂಡದ್ದು ಲೋಳೆಮೈಯ ಪ್ರಾಣಿಗಳು. 2018ರಲ್ಲಿ ಅಯಾಲ ಮತ್ತು ಸಂಗಡಿಗರ ಅಧ್ಯಯನ ಇದನ್ನು ಇನ್ನಷ್ಟು ಬಲಪಡಿಸಿತು. ಇದು ಬರಿಯ ಕುತೂಹಲದ ಸಂಗತಿಯಲ್ಲ. ಹಾವುಮೀನನ್ನು ಮೊಟ್ಟೆಯಿಂದ ಸಾಕುವ ಜಪಾನೀಯರ ದಶಕಗಳ ಪ್ರಯತ್ನ ಮರಿ ಏನು ತಿನ್ನುತ್ತದೆ ಎಂಬಲ್ಲಿಯೇ ನಿಂತಿತ್ತು. ಕೊನೆಗೆ ಶಾರ್ಕಿನ ಮೊಟ್ಟೆಯಿಂದ ಮಾಡಿದ ಗಂಜಿಯನ್ನು ಮರಿಗಳು ಒಪ್ಪಿದವು, 2010ರಲ್ಲಿ ಪೂರ್ಣ ಜೀವನಚಕ್ರ ಪ್ರಯೋಗಾಲಯದಲ್ಲಿ ಮುಗಿಯಿತು. ಯೂರೋಪಿನ ಹಾವುಮೀನು ಇಂದು ಅಳಿವಿನ ತೀವ್ರ ಅಪಾಯದಲ್ಲಿದೆ. ಮರಿಗಳ ಆಹಾರ ಯಾವ ಪ್ಲವಕದ ಏರಿಳಿತಕ್ಕೆ ಕಟ್ಟುಬಿದ್ದಿದೆ ಎಂದು ತಿಳಿಯುವುದು ಅದರ ಉಳಿವಿನ ವಿಚಾರಕ್ಕೆ ನೇರವಾಗಿ ಸೇರಿದ್ದು.

ಇಷ್ಟಾದರೂ ಈ ಫಲಿತಾಂಶವನ್ನು ‘ಹಾವುಮೀನಿನ ಮರಿ ಜೆಲ್ಲಿಗಳನ್ನು ಬೇಟೆಯಾಡುತ್ತದೆ’ ಎಂದು ಓದಬಾರದು. ಸತ್ತ ಸೈಫೊನೊಫೋರಿನ ಚೂರು ಕಡಲಕಣಗಳಲ್ಲಿ ಸೇರಿಕೊಂಡಿದ್ದು, ಆ ಕಣವನ್ನು ಮರಿ ನುಂಗಿದ್ದರೂ ಡಿಎನ್‌ಎ ಅದನ್ನೇ ತೋರಿಸುತ್ತದೆ. ಬೇಟೆ, ಎಂಜಲು, ಶವ ಇವು ಮೂರೂ ಈ ವಿಧಾನಕ್ಕೆ ಒಂದೇ. ಪೂರ್ವ ಪೆಸಿಫಿಕ್‌ನ ಆಳದ ಗ್ರೆನೇಡಿಯರ್ ಮೀನುಗಳು ಮೇಲಿನಿಂದ ಮುಳುಗಿ ಬಂದ ಶವಗಳನ್ನು ದೊಡ್ಡ ಪ್ರಮಾಣದಲ್ಲಿ ಅವಲಂಬಿಸಿವೆ ಎಂದು ಡ್ರೇಜನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದು ಹೊಟ್ಟೆಯ ಪರಿಶೀಲನೆ ಮತ್ತು ಸ್ಥಿರ ಐಸೊಟೋಪುಗಳ ನೆರವಿನಿಂದ. ಡಿಎನ್‌ಎ ಒಂದನ್ನೇ ನಂಬಿದ್ದರೆ, ಮೇಲ್ಮೈಯ ಬೊಂಡಾಸನ್ನು ತಳದ ಮೀನು ತಿಂದದ್ದು ಹೇಗೆಂದು ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು. ಬೇಟೆ ಮೊಟ್ಟೆಯಾಗಿತ್ತೆ, ಮರಿಯಾಗಿತ್ತೆ, ಬೆಳೆದದ್ದಾಗಿತ್ತೆ ಎಂಬುದಕ್ಕೂ ಡಿಎನ್‌ಎಯಲ್ಲಿ ಉತ್ತರವಿಲ್ಲ. ಅದಕ್ಕೆ ಕಿವಿಗಲ್ಲನ್ನೇ ಅಳೆಯಬೇಕು.

ಲಾಂದ್ರ ಮೀನುಗಳ ವಿಷಯದಲ್ಲಿ ಡಿಎನ್‌ಎ ಹಳೆಯ ಚಿತ್ರವನ್ನು ಬುಡಮೇಲು ಮಾಡಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ದಕ್ಷಿಣ ಸಾಗರದಲ್ಲಿ ಕೆರ್ಗೆಲೆನ್ ಪ್ರಸ್ಥಭೂಮಿಯ ದಕ್ಷಿಣಕ್ಕೆ 2016ರಲ್ಲಿ ಆಸ್ಟ್ರೇಲಿಯದ ಅರೋರಾ ಆಸ್ಟ್ರಾಲಿಸ್ ಹಡಗು ಹಿಡಿದ ಮೀನುಗಳ ಮೇಲೆ ಕ್ಲಾರ್ಕ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ಕ್ರಿಲ್, ಕೋಪೆಪಾಡ್, ಆಂಫಿಪಾಡ್‌ಗಳೇ ಮುಖ್ಯ ಆಹಾರವಾಗಿ ಕಂಡವು. ಸೂಕ್ಷ್ಮದರ್ಶಕ ಹೇಳಿದ್ದೂ ಅದನ್ನೇ. ಹೊಸ ವಿಧಾನ ಹಳೆಯದನ್ನು ಒಪ್ಪಿದರೆ ಸಂಶೋಧಕರಿಗೆ ಸುದ್ದಿ ಸಿಗುವುದಿಲ್ಲ. ಆದರೆ ಎರಡೂ ಒಂದೇ ಕಡೆ ಬೊಟ್ಟುಮಾಡಿದಲ್ಲಿ ಜ್ಞಾನ ಗಟ್ಟಿಯಾಗುತ್ತದೆ. ಅಲ್ಲಿ ಇನ್ನು ಕೇಳಬೇಕಾದದ್ದು ಯಾವ ಪ್ರಭೇದದಲ್ಲಿ, ಯಾವ ಋತುವಿನಲ್ಲಿ, ಯಾವ ಆಳದಲ್ಲಿ ಜೆಲ್ಲಿಯ ಪಾಲು ಏರುತ್ತದೆ ಎಂಬುದನ್ನು.

ಜೆಲ್ಲಿಯ ಗುರುತು ಕಂಡ ಕೂಡಲೇ ಹಿಗ್ಗುವ ಮೊದಲು ಬಲೆಯ ಕಡೆಗೂ ಒಮ್ಮೆ ನೋಡಬೇಕು. ಟ್ರಾಲ್ ಬಲೆಯಲ್ಲಿ ಸೈಫೊನೊಫೋರ್‌ಗಳು ಚಿಂದಿಯಾಗುತ್ತವೆ. ಆ ಲೋಳೆ ತುದಿಚೀಲದಲ್ಲಿರುವ ಪ್ರತಿಯೊಂದು ಮೀನಿನ ಮೈಗೆ, ಕಿವಿರಿಗೆ, ಬಾಯಿಗೆ ಮೆತ್ತಿಕೊಳ್ಳುತ್ತದೆ. ಪಿಸಿಆರ್‌ಗೆ ಇದರ ಒಂದು ಹನಿ ಸಾಕು. ಹಾಗಾಗಿ ಮೀನಿನ ಹೊಟ್ಟೆಯ ಫಲಿತಾಂಶದ ಜೊತೆಗೆ ಅದೇ ಬಲೆಯ ಲೋಳೆನೀರಿನ ಫಲಿತಾಂಶವನ್ನೂ, ಮೀನಿನ ಚರ್ಮ ಒರೆಸಿದ ಹತ್ತಿಯ ಫಲಿತಾಂಶವನ್ನೂ ಕೊಡದ ಅಧ್ಯಯನವನ್ನು ನಾನು ಅರೆಮನಸ್ಸಿನಿಂದಲೇ ಓದುತ್ತೇನೆ. ಹೊಟ್ಟೆಯೊಳಗಿನ ಜೆಲ್ಲಿಗಳ ಪಟ್ಟಿ ಬಲೆಯೊಳಗಿನ ಪಟ್ಟಿಗಿಂತ ಬೇರೆಯಾಗಿದ್ದರೆ, ಒಂದೇ ಬಲೆಯಲ್ಲಿ ಬಂದ ಎರಡು ಮೀನು ಪ್ರಭೇದಗಳ ಹೊಟ್ಟೆಗಳು ಪರಸ್ಪರ ಬೇರೆಯಾಗಿದ್ದರೆ, ಆಗ ನಂಬಿಕೆ ಹುಟ್ಟುತ್ತದೆ.

ಬೇಟೆಯ ಹೊಟ್ಟೆಯಲ್ಲಿದ್ದ ಬೇಟೆ ಇನ್ನೊಂದು ಗೋಜಲು. ಗಿಡಹೇನನ್ನು ತಿಂದ ಜೇಡವನ್ನು ಜೀರುಂಡೆ ತಿಂದರೆ ಜೀರುಂಡೆಯ ಹೊಟ್ಟೆಯಲ್ಲಿ ಗಿಡಹೇನಿನ ಡಿಎನ್‌ಎ ಸಿಗುತ್ತದೆ ಎಂದು ಶೆಪರ್ಡ್ ಮತ್ತು ಸಂಗಡಿಗರು 2005ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಕಡಲಿನಲ್ಲೂ ಕೋಪೆಪಾಡ್ ತಿಂದ ಡಯಾಟಮ್‌ಗಳು ಲಾಂದ್ರ ಮೀನಿನ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಹೆಚ್ಚಿನವರು ಪಾಚಿಗಳ ಅನುಕ್ರಮಗಳನ್ನೆಲ್ಲ ಮೊದಲೇ ಅಳಿಸಿಹಾಕುತ್ತಾರೆ. ಪರಾವಲಂಬಿ ಹುಳುಗಳನ್ನೂ ಹಾಗೆಯೇ. ಪರಾವಲಂಬಿಗಳ ವಿಷಯ ಒಪ್ಪಬಹುದು. ಪಾಚಿಗಳ ವಿಷಯದಲ್ಲಿ ನನ್ನ ತಕರಾರಿದೆ. ಬ್ರೂಸ್ ರಾಬಿಸನ್ 1984ರಲ್ಲಿ ಮರೈನ್ ಬಯಾಲಜಿ ಪತ್ರಿಕೆಯಲ್ಲಿ ಸೆರಾಟೊಸ್ಕೋಪೆಲಸ್ ವಾರ್ಮಿಂಗಿ ಎಂಬ ಲಾಂದ್ರ ಮೀನು ಡಯಾಟಮ್‌ಗಳ ಹಾಸನ್ನು ನೇರವಾಗಿಯೇ ಮೇಯುತ್ತದೆ ಎಂದು ವರದಿ ಮಾಡಿದ್ದರು. ಮಾಂಸಾಹಾರಿಯೆಂದು ಎಲ್ಲರೂ ತಿಳಿದಿದ್ದ ಕುಟುಂಬದಲ್ಲಿ ಅದು ಅನಿರೀಕ್ಷಿತ ಸಂಗತಿ. ಇಂದಿನ ಸೋಸುವ ಪದ್ಧತಿಯನ್ನು ಅಂದು ಕಣ್ಣುಮುಚ್ಚಿ ಅನ್ವಯಿಸಿದ್ದರೆ ಆ ಶೋಧ ಮೊದಲ ಹಂತದಲ್ಲೇ ಕಸದ ಬುಟ್ಟಿ ಸೇರುತ್ತಿತ್ತು. ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಕೋಪೆಪಾಡಿನ ಗುರುತು ಸ್ವಲ್ಪವೂ ಇಲ್ಲದ ಹೊಟ್ಟೆಗಳಲ್ಲಿ ಡಯಾಟಮ್ ಇದೆಯೇ?

ಪ್ರಮಾಣದ ವಿಷಯಕ್ಕೆ ಬಂದರೆ ನನ್ನ ಮಾತು ಚಿಕ್ಕದು. ಸಿಕ್ಕ ಅನುಕ್ರಮಗಳಲ್ಲಿ ಶೇಕಡ 40 ಕ್ರಿಲ್‌ನದಾಗಿದ್ದರೆ ಮೀನು ತಿಂದದ್ದರಲ್ಲಿ ಶೇಕಡ 40 ಕ್ರಿಲ್ ಎಂದರ್ಥವಲ್ಲ. ಒಂದು ಗ್ರಾಂ ಅಂಗಾಂಶದಲ್ಲಿ ಎಷ್ಟು ಪ್ರತಿಗಳಿವೆ, ಅವು ಎಷ್ಟು ಬೇಗ ನಾಶವಾಗುತ್ತವೆ, ಪ್ರೈಮರ್ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಸೀಲ್ ಮತ್ತು ಕಡಲಸಿಂಹಗಳಿಗೆ ಗೊತ್ತಿರುವ ಆಹಾರ ತಿನ್ನಿಸಿ ತಿದ್ದುಪಡಿಯ ಗುಣಾಂಕ ಕಂಡುಹಿಡಿಯಬಹುದು, ಅದನ್ನು ಮಾಡಿದ್ದಾರೆ ಕೂಡ. 600 ಮೀಟರ್ ಆಳದ ಮೀನನ್ನು ತೊಟ್ಟಿಯಲ್ಲಿ ಸಾಕಿ ತಿನ್ನಿಸಿ ನೋಡುವ ಸೌಲಭ್ಯ ನಮಗಿಲ್ಲ. ಡೀಗಲ್ ಮತ್ತು ಸಂಗಡಿಗರು 2019ರಲ್ಲಿ ಈ ಚರ್ಚೆಯನ್ನು ಸಮತೋಲನದಿಂದ ನಡೆಸಿ, ಇದೆ-ಇಲ್ಲ ಎಂಬ ಎಣಿಕೆಯೂ ದೋಷಮುಕ್ತವಲ್ಲ, ಅದು ಅಲ್ಪಸ್ವಲ್ಪ ತಿಂದದ್ದನ್ನು ಹಿಗ್ಗಿಸಿ ತೋರಿಸುತ್ತದೆ ಎಂದು ಎಚ್ಚರಿಸಿದ್ದಾರೆ. ಆದ್ದರಿಂದ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಡಬೇಕು. ಎರಡೂ ಒಂದೇ ದಿಕ್ಕು ತೋರಿದಾಗ ಮಾತ್ರ ‘ಮುಖ್ಯ ಆಹಾರ’ ಎಂಬ ಪದವನ್ನು ಬಳಸಬೇಕು.

ಡಿಎನ್‌ಎಯ ಮಾತಿಗೆ ಹೊರಗಿನ ಸಾಕ್ಷಿ ಬೇಕೆಂದರೆ ಅದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿದೆ. ಅಲ್ಲಿನ ಸಂಶೋಧನಾ ಸಂಸ್ಥೆಯ ಮಾನವರಹಿತ ಜಲಯಾನಗಳು 1991ರಿಂದ 2016ರವರೆಗೆ ಚಿತ್ರಿಸಿದ ವಿಡಿಯೊಗಳಿಂದ ಚೋಯ್, ಹ್ಯಾಡಕ್, ರಾಬಿಸನ್ ಮೂವರು ಒಂದು ಪ್ರಾಣಿ ಇನ್ನೊಂದನ್ನು ತಿನ್ನುತ್ತಿರುವ 743 ದೃಶ್ಯಗಳನ್ನು ಆರಿಸಿ 2017ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 242 ಬಗೆಯ ಆಹಾರ ಸಂಬಂಧಗಳು ಕಂಡವು. ಆಳದ ಆಹಾರಜಾಲದಲ್ಲಿ ಲೋಳೆಪ್ರಾಣಿಗಳು ಅಂಚಿನಲ್ಲಲ್ಲ, ನಡುವಿನಲ್ಲೇ ಇವೆ ಎಂಬುದು ಅಲ್ಲಿ ಕಣ್ಣಾರೆ ಕಂಡಿತು. ವಿಡಿಯೊಗೂ ತನ್ನ ಪಕ್ಷಪಾತವಿದೆ. ಬೆಳಕು ಕಂಡು ಓಡುವ ಮೀನು ಅದರಲ್ಲಿ ಕಡಿಮೆ, ಓಡಲಾರದ ಜೆಲ್ಲಿ ಹೆಚ್ಚು. ಆದರೆ ಅದರ ಪಕ್ಷಪಾತವೂ ಡಿಎನ್‌ಎಯ ಪಕ್ಷಪಾತವೂ ಬೇರೆಬೇರೆ ಕಾರಣಗಳಿಂದ ಹುಟ್ಟಿದವು, ಆದ್ದರಿಂದಲೇ ಅವು ಒಪ್ಪುವ ಕಡೆ ಹೆಚ್ಚು ಬಲವಿದೆ. ಆಲ್ಬಟ್ರಾಸ್ ಹಕ್ಕಿಗಳ ಮಲದಲ್ಲಿ ಜೆಲ್ಲಿಮೀನಿನ ಡಿಎನ್‌ಎ ಮತ್ತೆಮತ್ತೆ ಸಿಕ್ಕಿದ್ದನ್ನು ಮ್ಯಾಕಿನ್ಸ್ ಮತ್ತು ಸಂಗಡಿಗರು 2017ರಲ್ಲಿ, ಟ್ಯೂನ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ಗುಂಥರ್ ಮತ್ತು ಸಂಗಡಿಗರು 2021ರಲ್ಲಿ ವರದಿ ಮಾಡಿದರು. ಇವೂ ಅದೇ ದಿಕ್ಕಿಗೆ ಸೇರುವ ಸಾಕ್ಷಿಗಳು.

ಈ ಎಲ್ಲ ಕೆಲಸ ಅಟ್ಲಾಂಟಿಕ್, ಪೆಸಿಫಿಕ್, ದಕ್ಷಿಣ ಸಾಗರಗಳದ್ದು. ಈ ಪ್ರಶ್ನೆಯನ್ನು ಕೇಳಲು ಅತ್ಯಂತ ತಕ್ಕ ಜಾಗಗಳಲ್ಲೊಂದು ನಮ್ಮ ಅರಬ್ಬೀ ಸಮುದ್ರ. ನಾರ್ವೆಯ ಡಾ. ಫ್ರಿಡ್ಯೋಫ್ ನಾನ್ಸೆನ್ ಹಡಗು 1975ರಿಂದ ನಡೆಸಿದ ಸಮೀಕ್ಷೆಗಳ ಆಧಾರದಿಂದ ಅದರ ಉತ್ತರ ಮತ್ತು ಪಶ್ಚಿಮ ಭಾಗಗಳಲ್ಲಿ ಸುಮಾರು 10 ಕೋಟಿ ಟನ್ ಲಾಂದ್ರ ಮೀನು ಇದೆಯೆಂದು ಯೋಸೇಟರ್ 1984ರಲ್ಲಿ ಅಂದಾಜಿಸಿದ್ದರು. ಬೆಂತೋಸೆಮ ಟೆರೋಟಮ್ ಎಂಬ ಒಂದೇ ಪ್ರಭೇದ ಅಲ್ಲಿ ದಟ್ಟವಾಗಿದೆ. ಆಮ್ಲಜನಕ ಬಹುತೇಕ ಇಲ್ಲದ ಆಳದ ಪದರದಲ್ಲಿ ಅದು ಹಗಲು ಕಳೆಯುತ್ತದೆ. ಮೇಲಿನ ನೀರಿನಲ್ಲೂ ಬದಲಾವಣೆಯಾಗಿದೆ. ಚಳಿಗಾಲದಲ್ಲಿ ಡಯಾಟಮ್‌ಗಳು ಬೆಳೆಯುತ್ತಿದ್ದ ಉತ್ತರ ಅರಬ್ಬೀ ಸಮುದ್ರದಲ್ಲಿ 2000ದ ಬಳಿಕ ಹಸಿರು ನಾಕ್ಟಿಲೂಕ ಎಂಬ ಏಕಕೋಶಿ ಪ್ಲವಕ ಜಾಗ ಹಿಡಿದಿರುವುದನ್ನು ಹೆಲ್ಗಾ ಗೋಮ್ಸ್, ಜೋಕಿಮ್ ಗೋಯೆಸ್ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದರು. ನಾಕ್ಟಿಲೂಕವನ್ನು ಕೋಪೆಪಾಡ್‌ಗಳು ಹೆಚ್ಚು ತಿನ್ನುವುದಿಲ್ಲ, ಸಾಲ್ಪ್ ಮತ್ತು ಜೆಲ್ಲಿಗಳು ತಿನ್ನುತ್ತವೆ. ಹಾಗಾದರೆ ಪ್ರಶ್ನೆ ನೇರವಾಗಿದೆ. ಕೋಪೆಪಾಡ್ ತಿಂದು ಬದುಕುವ ಮೀನು ಎಂದು ನಾವು ಬರೆದಿಟ್ಟಿರುವ ಈ ಲಾಂದ್ರ ಮೀನು ನಾಕ್ಟಿಲೂಕದ ತಿಂಗಳುಗಳಲ್ಲಿ ಸಾಲ್ಪ್ ತಿನ್ನುತ್ತದೆಯೆ? ತಿನ್ನುವುದಾದರೆ ನಾಕ್ಟಿಲೂಕದ ಇಂಗಾಲ ಸಾಲ್ಪ್ ಮೂಲಕ ಮೀನಿಗೂ, ಮೀನಿನಿಂದ ಟ್ಯೂನಕ್ಕೂ ಬೊಂಡಾಸಿಗೂ ಹರಿಯುತ್ತದೆ. ತಿನ್ನದಿದ್ದರೆ ಅಷ್ಟು ಉತ್ಪಾದನೆ ಮೀನಿನ ದಾರಿಯಿಂದ ಹೊರಗೇ ಹೋಗುತ್ತದೆ. ಕಡಲಿಗೆ ಇಳಿಯುವವರ ಪಾಲಿಗೆ ಇವೆರಡರ ನಡುವಿನ ಅಂತರ ದೊಡ್ಡದು. ಲಾಂದ್ರ ಮೀನನ್ನು ಮೀನುಹುಡಿಗಾಗಿ ಹಿಡಿಯುವ ಮಾತು ಮತ್ತೆಮತ್ತೆ ಏಳುತ್ತಿದೆ. ಮೀನುಹುಡಿ ಕಾರ್ಖಾನೆಗಳಿರುವ ಕರ್ನಾಟಕ ಕರಾವಳಿಗೆ ಅದು ದೂರದ ಸುದ್ದಿಯಲ್ಲ. ಹಿಡಿಯುವ ಮೊದಲು ಆ ಮೀನು ಯಾವ ಆಹಾರದ ಮೇಲೆ ನಿಂತಿದೆ ಎಂದು ತಿಳಿದಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇದಕ್ಕೆ ಬೇಕಾದ ಸಾಧನ ನಮ್ಮಲ್ಲಿದೆ. 1980ರ ದಶಕದಿಂದ ಸಾಗರ ಸಂಪದ ಹಡಗು ಈ ನೀರಿನಲ್ಲಿ ಕೆಲಸ ಮಾಡುತ್ತಿದೆ. ಕೊಲ್ಲಂ ಆಚೆಯ ಆಳನೀರಿನ ಸಿಗಡಿ ದೋಣಿಗಳ ಬಲೆಗೆ ಲಾಂದ್ರ ಮೀನುಗಳು ಬೇಡದ ಹಿಡಿತವಾಗಿ ಬರುತ್ತಲೇ ಇವೆ. ಅಲ್ಲಿಂದ ಹಗಲಿನ ಮತ್ತು ರಾತ್ರಿಯ ಮಾದರಿಗಳನ್ನು ಬೇರೆಬೇರೆಯಾಗಿ ತೆಗೆದು, ದಡದವರೆಗೆ ಕಾಯದೆ ಹಡಗಿನಲ್ಲೇ ಘನೀಕರಿಸಿ ಅಥವಾ ಆಲ್ಕೊಹಾಲಿನಲ್ಲಿ ಹಾಕಿ, ಪ್ರತಿ ಬಲೆಯ ಲೋಳೆನೀರಿನ ಒಂದು ಶೀಶೆಯನ್ನೂ ಜೊತೆಗಿಡಬೇಕು. ಫಾರ್ಮಲಿನ್ ಆಗದು, ಅದು ಡಿಎನ್‌ಎಯನ್ನು ಕೆಡಿಸುತ್ತದೆ. 18ಎಸ್ ಮತ್ತು ಸಿಒಐ ಎರಡನ್ನೂ ಓದಬೇಕು, ತಡೆ-ಪ್ರೈಮರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಮೀನಿನದಲ್ಲ. ಅರಬ್ಬೀ ಸಮುದ್ರದ ಸಾಲ್ಪ್, ಸೈಫೊನೊಫೋರ್, ಟಿನೊಫೋರ್‌ಗಳನ್ನು ಜೀವಂತ ಹಿಡಿದು, ಬಲ್ಲವರಿಂದ ಹೆಸರು ಗುರುತಿಸಿಸಿ, ಪ್ರತಿಯೊಂದರ ಅನುಕ್ರಮವನ್ನು ಆಕರಕೋಶಕ್ಕೆ ಸೇರಿಸಬೇಕು. ಆಕರದಲ್ಲಿ ಹೆಸರಿಲ್ಲದ ಪ್ರಾಣಿಯನ್ನು ಎಂಥ ಯಂತ್ರ ಓದಿದರೂ ಅದು ಹೊಸ ಪಟ್ಟಿಯಲ್ಲೂ ‘ಗುರುತಿಸಲಾಗದ ವಸ್ತು’ವಾಗಿಯೇ ಇರುತ್ತದೆ.